ಅಮೆರಿಗೋ ಬದುಕಿದ್ದ ಐದು ವರ್ಷ

ಮಲ್ಲಮ್ಮ ತನ್ನನ್ನೇ ಯಾಕೆ ಕೇಳಿದರು ಎಂಬುದು ಸುವಾನಿಯ ತನ್ನ ಮನೆಯಿಂದ ಅವರಿರುವ ಅಲ್ಫರೆಟಾ ತಲುಪುವವರೆಗೂ ವಿದ್ಯಾವತಿಗೆ ಬಗೆಹರಿಯಲಿಲ್ಲ. ದುಭಾಷಿ ಬೇಕಿತ್ತು, ಒಪ್ಪೋಣ. ಎಪ್ಪತ್ತನಾಲ್ಕು ವರ್ಷದ, ಹದಿನೇಳು ವರ್ಷದಿಂದ ಗ್ರೀನ್ ಕಾರ್ಡ್ ಇಟ್ಟುಕೊಂಡಿರುವ ಹೆಂಗಸು ಸಿಟಿಜನ್‌ಶಿಪ್ ಇಂಟರ್‌ವ್ಯೂಗೆಂದು ಇಂಗ್ಲಿಷ್ ಕಲಿಯಬೇಕಿಲ್ಲ. ಜೊತೆಗೆ ಭಾಷೆ ಬಲ್ಲ ಒಬ್ಬರನ್ನು ಕರೆತಂದರೆ ಸಾಕು, ಅವರು ಮನೆಯವರಾಗಿರದಿದ್ದರೆ ಇನ್ನೂ ಒಳ್ಳೆಯದು. ಇದನ್ನೆಲ್ಲ ಮಲ್ಲಮ್ಮನ ಸೊಸೆ ಗಂಗಾಂಬಿಕಾ ಮಾರ್ಚಿನಲ್ಲೇ ಫೋನ್ ಮಾಡಿ ವಿವರಿಸಿದ್ದಳು. ಆದರೆ ಅಟ್ಲಾಂಟಾದ ಸುತ್ತ ಈಗ ಕನ್ನಡದ ಮನೆಗಳಿಗೇನು ಬರವೇ? ಮಲ್ಲಮ್ಮನ ಮಾತನ್ನು ತಟ್ಟನೆ ಹಿಡಿಯಬಲ್ಲ ಹುಬ್ಬಳ್ಳಿ, ಬಿಜಾಪುರದ ಕಡೆಯ ಡಾಕ್ಟರುಗಳೇ ಹತ್ತು ಮಂದಿ ಸಿಗುತ್ತಿದ್ದರು. ಮೈಸೂರಿನವಳಾದ ತಾನು ಇವತ್ತಿಗೂ ಅವರ ಕೆಲವು ಮಾತುಗಳನ್ನು ಎರಡೆರಡು ಸಲ ಕೇಳಬೇಕು. ಹಾಗಿದ್ದೂ, "ನಮ್ಮ ಅತ್ತಿಯವರು ನೀವ ಬೇಕಂತ ಹಟಾ ಹಿಡದಾರ್ರಿ" ಎಂದು ಗಂಗಾಂಬಿಕಾ ನಕ್ಕಿದ್ದಳು. ಆ ನಗುವಿನಲ್ಲಿ ಏನಾದರೂ ಇತ್ತೇ ಎಂದು ವಿದ್ಯಾವತಿ ಏಳು ತಿಂಗಳಿಂದ ಯೋಚಿಸುತ್ತಲೇ ಇದ್ದಾಳೆ. ಗಂಡ ಗೋಪಿನಾಥನಿಗೆ ಹೇಳಿದರೆ ನಿನಗೆ ಬೇರೆ ಕೆಲಸವಿಲ್ಲ ಎನ್ನುತ್ತಾನೆ. ಗೋಪಿನಾಥನಿಗೆ ಎಲ್ಲವೂ ಗೊತ್ತಿಲ್ಲ.

ಮಲ್ಲಮ್ಮ ಬಾಗಿಲಲ್ಲೇ ನಿಂತಿದ್ದರು. ಇಳಕಲ್ ಸೀರೆ, ಅದರ ಮೇಲೆ ಮೊಮ್ಮಗನ ದಪ್ಪ ಜಾಕೆಟ್, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಕಾರಿನಲ್ಲಿ ಮುಂದೆಯೇ ಕೂತರು. ಸೀಟ್ ಬೆಲ್ಟನ್ನು ತಾವೇ ಎಳೆದು ಹಾಕಿಕೊಂಡು, ಎದೆಯ ಮೇಲಿನ ಲಿಂಗಕ್ಕೆ ಅದು ಒತ್ತದಂತೆ ಸರಿಪಡಿಸಿಕೊಂಡರು. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಇದೆ, ಆ ಕಚೇರಿಯಲ್ಲಿ ಎಷ್ಟು ಹೊತ್ತು ಕೂಡಿಸುತ್ತಾರೋ ಏನೋ, ನೀನೂ ಏನೂ ತಿಂದಿರಲಿಕ್ಕಿಲ್ಲ ಎಂದರು. ಮುಚ್ಚಳ ಹಾಕಿದ್ದರೂ ಕರಿಬೇವಿನ ವಾಸನೆ ಕಾರು ತುಂಬ ಹರಡಿತು. ಅವಲಕ್ಕಿಗೆ ಕರಿಬೇವು ಹಾಕದೆ ಇನ್ನೇನು ಹಾಕುತ್ತಾರೆ, ಇದರಲ್ಲಿ ಹುಡುಕುವಂಥದ್ದೇನಿದೆ ಎಂದು ವಿದ್ಯಾವತಿ ತನಗೆ ತಾನೇ ಹೇಳಿಕೊಂಡಳು. ಆದರೂ ಇವತ್ತೇ ಯಾಕೆ, ಉಪ್ಪಿಟ್ಟೋ ಚಪಾತಿಯೋ ಆಗಬಾರದಿತ್ತೇ ಎಂದು ಮನಸ್ಸು ಕೊಸರಿತು. ನಾನೂರನೇ ನಂಬರಿನ ಹೆದ್ದಾರಿಗೆ ಇಳಿದಾಗ ಎರಡೂ ಕಡೆಯ ಕಾರುಗಳು ಆಗಲೇ ಆಮೆ ನಡಿಗೆಯಲ್ಲಿದ್ದವು. ನಿನ್ನೆ ಕೊಲಂಬಸ್ ದಿನವೆಂದು ರಜೆ. ಇವತ್ತು ಎರಡು ದಿನದ ಜನ ಒಟ್ಟಿಗೆ ಹೊರಟಂತಿತ್ತು.

ಆ ಕರಿಬೇವಿನ ಗಿಡ ತಂದವರು ಮಲ್ಲಮ್ಮ. ಇದು ಸತ್ಯ, ಮತ್ತು ಇದನ್ನು ನೆನಪಿಟ್ಟುಕೊಂಡಿರುವವರು ಈಗ ಇಬ್ಬರೇ. ಹದಿನೇಳು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಡಿಕೇಟರಿನ ಅಪಾರ್ಟ್‌ಮೆಂಟಿನಲ್ಲಿ ಎರಡೂ ಸಂಸಾರ ಗೋಡೆಗೆ ಗೋಡೆ ತಾಗಿಕೊಂಡು ಇದ್ದಾಗ, ಊರಿನಿಂದ ಬಂದ ಮೂರನೆಯ ದಿನ ಮಲ್ಲಮ್ಮ ಒಂದು ಗೇಣುದ್ದದ ಸಸಿಯನ್ನು ಕಾಫಿ ಡಬ್ಬಿಯಲ್ಲಿ ಊರಿ ಕಿಟಕಿಯಲ್ಲಿಟ್ಟಿದ್ದರು. ಅದನ್ನು ಮುಟ್ಟಿ, ಮೂಸಿ, ವಿದ್ಯಾವತಿಗೆ ಅಳುವೇ ಬಂದಿತ್ತು. ಆ ಕಾಲದಲ್ಲಿ ಕರಿಬೇವು ಎಂದರೆ ಯಾರೋ ಊರಿನಿಂದ ಕವರಿನಲ್ಲಿ ಹಾಕಿ ಕಳಿಸಿದ ಒಣಗಿದ ಎಲೆ, ಬಾಯಿಗೆ ಕಾಗದದಂತೆ ಸಿಗುತ್ತಿತ್ತು. ಮರುವರ್ಷ ಡಿಸೆಂಬರಿನಲ್ಲಿ ಮಲ್ಲಮ್ಮನ ಮಗ ಬಸವಕುಮಾರನಿಗೆ ನಾರ್ತ್ ಕ್ಯಾರೊಲಿನಾದ ಡರಮ್‌ನಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿ ಮನೆ ಎತ್ತಿದರು. ಆ ಚಳಿಯಲ್ಲಿ ಸಾಮಾನಿನ ಟ್ರಕ್ಕಿನಲ್ಲಿ ಗಿಡ ಸತ್ತೇಹೋಗುತ್ತಿತ್ತು. "ನೀ ನೋಡಿಕೊಂಡಿರು, ಬಂದು ಒಯ್ತೀನಿ" ಎಂದು ಮಲ್ಲಮ್ಮ ಅದನ್ನು ವಿದ್ಯಾವತಿಯ ಕೈಗೆ ಕೊಟ್ಟು ಹೋದರು. ಬಂದದ್ದು ಆರು ವರ್ಷದ ಮೇಲೆ. ಅಷ್ಟರಲ್ಲಿ ಗಿಡ ಕುಂಡದಿಂದ ಕುಂಡಕ್ಕೆ ಹೋಗಿ ಆಳೆತ್ತರ ಬೆಳೆದಿತ್ತು. ಬುಡದಲ್ಲಿ ಒಡೆದ ಮರಿಗಳನ್ನು ಬಿಡಿಸಿ ವಿದ್ಯಾವತಿ ಒಬ್ಬೊಬ್ಬರಿಗೆ ಕೊಟ್ಟಿದ್ದಳು. ಮರಿಯಟ್ಟಾದ ಮೈಥಿಲಿಗೆ ಕೊಟ್ಟದ್ದು ಮೈಥಿಲಿಯ ತಂಗಿಯ ಜೊತೆ ಶಾರ್ಲೆಟ್‌ಗೆ ಹೋಯಿತು, ಅಲ್ಲಿಂದ ಕೊಲಂಬಿಯಾಕ್ಕೆ, ರಾಲಿಗೆ, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮೇರಿಲ್ಯಾಂಡಿನ ರಾಕ್‌ವಿಲ್‌ಗೆ. ಹೋದಲ್ಲೆಲ್ಲ ಅದು ವಿದ್ಯಾವತಿಯ ಗಿಡವಾಯಿತು. ಹಾಗೆಂದು ಹೆಸರಿಟ್ಟವಳು ಅವಳಲ್ಲ, ಇದನ್ನು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು. ಬೇಡ ಎಂದವಳೂ ಅಲ್ಲ. ಮೊದಮೊದಲು, ಅಯ್ಯೋ ಅದು ನನ್ನದಲ್ಲಪ್ಪ, ಮಲ್ಲಮ್ಮ ಅಂತ ಇದ್ದರು ಎಂದು ಶುರು ಮಾಡುತ್ತಿದ್ದಳು. ಕೇಳುವವರಿಗೆ ಮಲ್ಲಮ್ಮ ಯಾರೆಂದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಯಾವ ವರ್ಷದಿಂದ ಹಾಗೆ ಹೇಳುವುದನ್ನು ಬಿಟ್ಟಳೋ ಅವಳಿಗೇ ನೆನಪಿಲ್ಲ.

ಮಲ್ಲಮ್ಮ ಕಿಟಕಿಯಾಚೆ ನೋಡುತ್ತ, ಬಾವುಟದಲ್ಲಿ ಐವತ್ತು ಚುಕ್ಕಿ, ಪಟ್ಟಿ ಹದಿಮೂರು ಎಂದು ತಮ್ಮಷ್ಟಕ್ಕೆ ಒಪ್ಪಿಸಿಕೊಳ್ಳುತ್ತಿದ್ದರು. ಏಪ್ರಿಲ್‌ನಿಂದ ಗುರುವಾರ ಗುರುವಾರ ವಿದ್ಯಾವತಿ ಅಲ್ಫರೆಟಾಕ್ಕೆ ಹೋಗಿ ಪಾಠ ಹೇಳಿದ್ದಳು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆರು ವರ್ಷ ಇತಿಹಾಸ ಹೇಳಿಕೊಟ್ಟವಳು, ಇಲ್ಲಿ ಬಂದು ಪಬ್ಲಿಕ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸದಲ್ಲಿ ಕೂತವಳು. ಯಾರಾದರೂ ಎದುರಿಗೆ ಕೂತು ಕೇಳುತ್ತಾರೆಂದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಮಲ್ಲಮ್ಮ ಕೇಳುವ ಪ್ರಶ್ನೆಗಳೋ ಇಂಟರ್‌ವ್ಯೂಗೆಂದು ಸರ್ಕಾರ ಕೊಟ್ಟ ನೂರು ಪ್ರಶ್ನೆಗಳ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಎರಡನೆಯ ಗುರುವಾರವೇ, ಈ ದೇಶಕ್ಕೆ ಈ ಹೆಸರು ಯಾರಿಟ್ಟರು ಎಂದರು. ವಿದ್ಯಾವತಿ ಉತ್ಸಾಹದಿಂದ ಹೇಳಿದಳು: ಅಮೆರಿಗೋ ಅಂತ ಇಟಲಿಯ ಫ್ಲಾರೆನ್ಸಿನವನು. ಕೊಲಂಬಸ್ ಬಂದುಹೋದ ಮೇಲೆ ಹಡಗು ಹತ್ತಿ ಬಂದವನು. ಇದು ಏಷ್ಯಾ ಅಲ್ಲ, ಬೇರೆಯೇ ನೆಲ ಎಂದು ಅವನು ಬರೆದ ಕಾಗದಗಳು ಅಚ್ಚಾಗಿ ಊರೂರಿಗೆ ಹೋದವು. ಎಲ್ಲೋ ಬೆಟ್ಟದ ನಡುವಿನ ಸಣ್ಣ ಊರಿನಲ್ಲಿ ನಕ್ಷೆ ಬರೆಯುವವರು ಅದನ್ನು ಓದಿ, ಸಾವಿರದ ಐನೂರ ಏಳರಲ್ಲಿ, ಹೊಸ ನೆಲದ ಮೇಲೆ ಅವನ ಹೆಸರು ಬರೆದುಬಿಟ್ಟರು. ಅವನನ್ನು ಕೇಳಲೂ ಇಲ್ಲ. ಕೊಲಂಬಸ್ ಆಗಲೇ ತೀರಿಕೊಂಡು ಒಂದು ವರ್ಷವಾಗಿತ್ತು.

ಮಲ್ಲಮ್ಮ ಕೈಯಲ್ಲಿದ್ದ ಅವರೆಕಾಳು ಸುಲಿಯುತ್ತಲೇ, "ಆ ಹೆಸರಿನವಾ ಬ್ಯಾಡ ಅನಲಿಲ್ಲೇನು?" ಎಂದು ಕೇಳಿದ್ದರು. ಅವನಿಗೆ ಗೊತ್ತಾಯಿತೋ ಇಲ್ಲವೋ ಯಾರಿಗೂ ತಿಳಿಯದು, ಆಮೇಲೆ ಐದು ವರ್ಷವಷ್ಟೇ ಬದುಕಿದ್ದ ಎಂದಿದ್ದಳು ವಿದ್ಯಾವತಿ. "ಐದು ವರ್ಷ ಕಡಿಮಿ ಅಲ್ಲ" ಎಂದರು ಮಲ್ಲಮ್ಮ. ಅಷ್ಟೇ. ಕಾಳು ಸುಲಿಯುವುದನ್ನು ನಿಲ್ಲಿಸಲೂ ಇಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಗಿಡದ ವಿಷಯದಲ್ಲಿ ತಾನು ಇಷ್ಟು ವರ್ಷ ಸುಮ್ಮನಿದ್ದದ್ದನ್ನು ಈ ಹೆಂಗಸು ಐದು ವರ್ಷದ ನೆಪದಲ್ಲಿ ಕುಟುಕಿದರೇ? ಅಥವಾ ಸುಮ್ಮನೆ ಆಡಿದ ಮಾತೇ? ಅವತ್ತಿನಿಂದ ಅಮೆರಿಗೋ ಅವಳ ಬೆನ್ನು ಹತ್ತಿದ. ಲೈಬ್ರರಿಗೆ ಬೇರೆ ಊರುಗಳಿಂದ ಪುಸ್ತಕ ತರಿಸಿ ಓದಿದಳು. ಓದಿದಷ್ಟೂ ಆ ಮನುಷ್ಯ ಕೈಗೆ ಸಿಗಲಿಲ್ಲ. ಒಬ್ಬರು ಅವನನ್ನು ಶುದ್ಧ ಮೋಸಗಾರನೆನ್ನುತ್ತಾರೆ, ಮಾಡದ ಯಾನವನ್ನು ಮಾಡಿದೆನೆಂದು ಬರೆದವನು. ಇನ್ನೊಬ್ಬರು ಅವನು ಪಾಪದವನು, ಅಚ್ಚಿನವರೇ ಮಾರಾಟಕ್ಕೆಂದು ಅವನ ಕಾಗದಕ್ಕೆ ಉಪ್ಪುಖಾರ ಹಚ್ಚಿದರು ಎನ್ನುತ್ತಾರೆ. ಕೊಲಂಬಸನೇ ಸಾಯುವ ಹಿಂದಿನ ವರ್ಷ ಮಗನಿಗೆ ಕಾಗದ ಬರೆದು, ಇವನು ಒಳ್ಳೆಯವನು, ಅದೃಷ್ಟವೊಂದು ಇವನಿಗೆ ಒಲಿಯಲಿಲ್ಲ ಎಂದಿದ್ದನಂತೆ. ಅದೇ ವರ್ಷ ಅಮೆರಿಗೋ ತನ್ನ ಊರು ಬಿಟ್ಟು ಸ್ಪೇನಿನ ಪ್ರಜೆಯಾದ. ಆಮೇಲೆ ಸರ್ಕಾರದ ದೊಡ್ಡ ಹುದ್ದೆ ಹಿಡಿದು, ಹಡಗಿನವರನ್ನು ಪರೀಕ್ಷೆ ಮಾಡಿ, ನಕ್ಷೆಗಳನ್ನು ತಿದ್ದುವ ಅಧಿಕಾರಿಯಾದ. ನಕ್ಷೆ ತಿದ್ದುವವನ ಕಣ್ಣಿಗೆ ಆ ಒಂದು ನಕ್ಷೆ ಐದು ವರ್ಷದಲ್ಲಿ ಒಮ್ಮೆಯೂ ಬೀಳಲಿಲ್ಲವೇ? ವಿದ್ಯಾವತಿಗೆ ಇದನ್ನು ನಂಬುವುದು ಕಷ್ಟವಾಯಿತು. ನಂಬದಿರುವುದು ಅದಕ್ಕಿಂತ ಕಷ್ಟವಾಯಿತು.

ಟೋಲ್ ದಾಟಿ ಊರೊಳಗಿನ ಎತ್ತರದ ಕಟ್ಟಡಗಳು ಕಾಣತೊಡಗಿದಾಗ ಮಲ್ಲಮ್ಮ ಇದ್ದಕ್ಕಿದ್ದಂತೆ ಮೈಥಿಲಿ ಹೇಗಿದ್ದಾಳೆ ಎಂದರು. ಚೆನ್ನಾಗಿದ್ದಾಳೆ ಎಂದಳು ವಿದ್ಯಾವತಿ. ಇಷ್ಟು ಹೊತ್ತಿನಲ್ಲಿ ಮೈಥಿಲಿಯ ಮಾತೇಕೆ? ಎಂಬತ್ತೊಂಬತ್ತರ ಸಂಕ್ರಾಂತಿ, ಶಾಲೆಯೊಂದರ ಕೆಫೆಟೀರಿಯಾದಲ್ಲಿ ಕನ್ನಡ ಕೂಟದ ಊಟ. ಬಸವಕುಮಾರನ ಸಂಸಾರ ಡರಮ್‌ನಿಂದ ವಾಪಸಾಗಿ ಒಂದು ತಿಂಗಳಾಗಿತ್ತಷ್ಟೆ. ಎಳ್ಳು ಬೀರುತ್ತಿದ್ದ ಮೈಥಿಲಿ ಹೊಸಬರೆಂದು ಮಲ್ಲಮ್ಮನನ್ನು ವಿಚಾರಿಸಿಕೊಂಡು, ಅಜ್ಜಿ, ನಿಮ್ಮ ಮನೆಗೆ ಕರಿಬೇವು ಬೇಕಲ್ಲ, ಇದು ನಮ್ಮ ವಿದ್ಯಾವತಿಯವರ ಗಿಡದ ಮರಿ, ಈ ಸೌತ್ ಕಡೆಯ ರಾಜ್ಯಗಳಿಗೆಲ್ಲ ಇದೇ ಮೂಲ ಎಂದು ಒಂದು ಪೇಪರ್ ಕಪ್ಪನ್ನು ಅವರ ಕೈಗಿಟ್ಟಳು. ಕಪ್ಪಿನಲ್ಲಿ ನಾಲ್ಕೆಲೆಯ ಸಸಿ. ವಿದ್ಯಾವತಿ ಮೂರು ಹೆಜ್ಜೆ ದೂರದಲ್ಲಿ ಪಾಯಸದ ಲೋಟ ಹಿಡಿದು ನಿಂತಿದ್ದಳು. ಮುಂದೆ ಹೋಗಿ ಒಂದು ಮಾತು ಆಡಬಹುದಿತ್ತು. ನಕ್ಕು ಆಡಿದ್ದರೂ ನಡೆಯುತ್ತಿತ್ತು, ಏ ಮೈಥಿಲಿ, ಬಡಿಸಿದವರಿಗೇ ಬಡಿಸುತ್ತೀಯಲ್ಲೇ ಎಂದು. ಅವಳು ಪಾಯಸದ ಲೋಟವನ್ನು ಬಾಯಿಗೆತ್ತಿಕೊಂಡಳು. ಮಲ್ಲಮ್ಮ ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಎಲೆಯನ್ನು ಉಜ್ಜಿ ಮೂಸಿ, "ಚಲೋ ವಾಸನೀ ಐತಿ" ಎಂದರು. ಆಮೇಲೆ ತಲೆಯೆತ್ತಿ, ಜನರ ನಡುವೆ ವಿದ್ಯಾವತಿಯನ್ನು ಕಂಡು, ನಕ್ಕರು. ಆ ನಗುವನ್ನು ಅವಳು ಈ ಒಂಬತ್ತು ವರ್ಷದಲ್ಲಿ ಎಷ್ಟು ಸಲ ಬಿಚ್ಚಿ ನೋಡಿದ್ದಾಳೋ. ಒಂದು ದಿನ ಅದು ಕ್ಷಮೆಯಂತೆ ಕಾಣುತ್ತದೆ, ಒಂದು ದಿನ ತಿರಸ್ಕಾರದಂತೆ, ಒಂದೊಂದು ದಿನ ಬರೀ ಪರಿಚಯದ ನಗುವಿನಂತೆ. ಆ ರಾತ್ರಿ ಮನೆಗೆ ಹೋಗಿ ತನ್ನ ದೊಡ್ಡ ಗಿಡವನ್ನೇ ಕುಂಡದ ಸಮೇತ ಅವರ ಮನೆಗೆ ಒಯ್ದು ಕೊಡಬೇಕೆಂದುಕೊಂಡಳು. ಮರುದಿನ ಹಿಮ ಬಿತ್ತು. ಆಮೇಲೆ ಏನೇನೋ ಕೆಲಸ ಬಂತು.

ಸುಮ್ಮನಿದ್ದದ್ದಕ್ಕಿಂತ ಹೆಚ್ಚಿನದನ್ನೂ ಅವಳು ಮಾಡಿದ್ದಳು. ಅದು ಎರಡು ವರ್ಷದ ಹಿಂದೆ. ಕೂಟದ ವಿಶೇಷ ಸಂಚಿಕೆಗೆಂದು ಹರಿಪ್ರಸಾದ ಫೋನ್ ಮಾಡಿದ್ದ, ಆಗ ತಾನೇ ಬೆಂಗಳೂರಿನಿಂದ ಬಂದ ಹುಡುಗ, ಎಲ್ಲದರಲ್ಲೂ ಆಸಕ್ತಿ. ಆಂಟಿ, ಆ ಗಿಡ ಕಸ್ಟಮ್ಸ್ ದಾಟಿ ಬಂದದ್ದು ಹೇಗೆ, ಸ್ವಲ್ಪ ಹೇಳಿ ಎಂದ. ಅವಳು ಹೇಳಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು, ಚೀಲದಲ್ಲಿ ಬಚ್ಚಿಟ್ಟದ್ದು, ಡಿಕೇಟರಿನ ಕಿಟಕಿಯಲ್ಲಿ ಕಾಫಿ ಡಬ್ಬಿ ಇಟ್ಟದ್ದು, ಎಲ್ಲವನ್ನೂ, ಮಲ್ಲಮ್ಮನಿಂದ ಕೇಳಿದ್ದನ್ನು ಕೇಳಿದ ಹಾಗೆಯೇ. ಮಲ್ಲಮ್ಮ ಎಂಬ ಒಂದು ಹೆಸರನ್ನು ಮಾತ್ರ ಹೇಳಲಿಲ್ಲ. ಅವನು ಕೇಳಲಿಲ್ಲ, ತಾನು ಹೇಳಲಿಲ್ಲ. ಸಂಚಿಕೆ ಬಂದಾಗ ಅವಳ ಫೋಟೋದ ಕೆಳಗೆ, ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಮಣ್ಣೆರಚಿದ ನಮ್ಮ ವಿದ್ಯಾವತಿ ಎಂದು ಇತ್ತು. ಗಂಗಾಂಬಿಕಾಳ ಮನೆಗೂ ಆ ಸಂಚಿಕೆ ಹೋಗಿರುತ್ತದೆ. ಮಲ್ಲಮ್ಮನಿಗೆ ಇಂಗ್ಲಿಷ್ ಬರದಿದ್ದರೇನು, ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಈ ಜೂನ್‌ನಲ್ಲಿ ಗೋಪಿನಾಥನಿಗೆ ರಾಕ್‌ವಿಲ್‌ನಲ್ಲಿ ಕೆಲಸವಿತ್ತೆಂದು ಜೊತೆಗೆ ಹೋಗಿ, ವಾಷಿಂಗ್‌ಟನ್ನಿನ ದೊಡ್ಡ ಗ್ರಂಥಾಲಯದ ನಕ್ಷೆಗಳ ಕೋಣೆಯಲ್ಲಿ ಅವಳು ಆ ಸಾವಿರದ ಐನೂರ ಏಳರ ನಕ್ಷೆಯ ನಕಲನ್ನು ನೋಡಿದ್ದಳು. ಮೂಲ ಜರ್ಮನಿಯ ಯಾವುದೋ ಕೋಟೆಯಲ್ಲಿದೆಯಂತೆ. ದಕ್ಷಿಣದ ಕಡೆ, ಸಣಕಲು ನೆಲದ ಮೇಲೆ, ಬಹಳ ಚಿಕ್ಕ ಅಕ್ಷರದಲ್ಲಿತ್ತು ಆ ಹೆಸರು. ಇದೇ ನಕ್ಷೆಗಾರ ಆರು ವರ್ಷದ ಮೇಲೆ ಇನ್ನೊಂದು ನಕ್ಷೆ ಮಾಡಿದಾಗ ಆ ಹೆಸರನ್ನು ತೆಗೆದುಹಾಕಿದ, ಆದರೆ ಅಷ್ಟು ಹೊತ್ತಿಗೆ ಜನರ ಬಾಯಿಗೆ ಬಿದ್ದಾಗಿತ್ತು ಎಂದು ಅಲ್ಲಿದ್ದಾಕೆ ಹೇಳಿದಳು. ವಿದ್ಯಾವತಿ ಆ ಅಕ್ಷರಗಳ ಮೇಲೆ ಬೆರಳಿಡಲು ಹೋಗಿ, ಮುಟ್ಟಬಾರದೆಂದು ಹೇಳಿಸಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

ಕಚೇರಿಯ ಕೋಣೆ ತುಂಬಿತ್ತು. ಮೆಕ್ಸಿಕೋದವರು, ವಿಯೆಟ್ನಾಮಿನವರು, ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ಮಲ್ಲಮ್ಮ ಡಬ್ಬಿ ತೆಗೆದರು. ಇಲ್ಲಿ ತಿನ್ನಬಾರದು ಎಂದು ವಿದ್ಯಾವತಿ ಪಿಸುಗುಟ್ಟಿದಾಗ ಸುಮ್ಮನೆ ಮುಚ್ಚಿದರು. ಇಳಕಲ್ಲಿನಲ್ಲಿ ತಂಗಿಯೊಬ್ಬಳಿದ್ದಾಳೆ, ಅವಳ ಜೊತೆ ಎರಡು ವರ್ಷ ಇದ್ದು ಬರಬೇಕು, ಅಲ್ಲಿದ್ದು ವರ್ಷ ದಾಟಿದರೆ ಗ್ರೀನ್ ಕಾರ್ಡು ಹೋಗುತ್ತದೆಂಬ ಕಾಟ ಬೇಡ. ಮಲ್ಲಮ್ಮನಿಗೆ ಈ ಪೌರತ್ವ ಬೇಕಾದದ್ದು ಅಷ್ಟಕ್ಕೇ. ಎಂಥ ಸಣ್ಣ ಆಸೆ ಎಂದು ವಿದ್ಯಾವತಿಗೆ ಕನಿಕರವಾಯಿತು. ಕನಿಕರದ ಹಿಂದೆಯೇ ಭಯ ಬಂತು. ಕಳೆದ ಗುರುವಾರ ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿಸುತ್ತಿದ್ದಳು. ಕುಡಿಯುತ್ತೀರಾ, ಜೂಜಾಡುತ್ತೀರಾ, ಇಲ್ಲ, ಇಲ್ಲ ಎಂದು ಮಲ್ಲಮ್ಮ ನಗುತ್ತ ಹೇಳುತ್ತಿದ್ದರು. ಗೊತ್ತಿದ್ದೂ ಏನಾದರೂ ಅಪರಾಧ ಮಾಡಿ, ಅದಕ್ಕಾಗಿ ಯಾರೂ ನಿಮ್ಮನ್ನು ಹಿಡಿಯದೆ ಬಿಟ್ಟದ್ದಿದೆಯೇ ಎಂಬಲ್ಲಿಗೆ ಬಂದಾಗ ನಗು ನಿಂತಿತು. "ಅದನ್ನ ಅಲ್ಲೇ ಹೇಳ್ತೀನಿ" ಎಂದರು. ಮಗ ಆಗಲೇ 'ಇಲ್ಲ' ಎಂದು ಬರೆದಿದ್ದಾನಲ್ಲ ಅಮ್ಮಾ ಎಂದರೆ, ಅವನಿಗೇನು ಗೊತ್ತು, ಪ್ರಮಾಣ ಮಾಡಿಸಿ ಕೇಳುತ್ತಾರಲ್ಲ, ಅಲ್ಲಿ ಹೇಳುತ್ತೇನೆ ಎಂದರು. ಆವತ್ತಿನಿಂದ ವಿದ್ಯಾವತಿಗೆ ಅನ್ನ ಸೇರಿಲ್ಲ. ತನ್ನನ್ನೇ ಯಾಕೆ ಕರೆದರೆಂಬುದು ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು. ಗಿಡವನ್ನು ಬಚ್ಚಿಟ್ಟು ಈ ದೇಶಕ್ಕೆ ತರುವುದು ಅಪರಾಧವೇ. ಸರ್ಕಾರದ ಮುಂದೆ, ಪ್ರಮಾಣ ಮಾಡಿ, ಗಿಡ ತಂದವಳು ನಾನು, ಇವಳಲ್ಲ ಎಂದು ಮಲ್ಲಮ್ಮ ಹೇಳುತ್ತಾರೆ. ಮತ್ತು ಅದನ್ನು ಇವಳ ಬಾಯಿಂದಲೇ ಇಂಗ್ಲಿಷಿನಲ್ಲಿ ಹೇಳಿಸುತ್ತಾರೆ. ಒಂಬತ್ತು ವರ್ಷ ಕಾದು ಯೋಚಿಸಿದ ಶಿಕ್ಷೆ. ಇಷ್ಟು ಕ್ರೂರವಾಗಿ ಯೋಚಿಸಬಲ್ಲವರೇ ಎಂದು ಪಕ್ಕಕ್ಕೆ ತಿರುಗಿ ನೋಡಿದಳು. ಮಲ್ಲಮ್ಮ ಎದುರು ಬೆಂಚಿನ ಕೂಸಿಗೆ ಕಣ್ಣು ಮಿಟುಕಿಸುತ್ತಿದ್ದರು.

ಕರೆ ಬಂತು. ಒಳಗಿದ್ದ ಅಧಿಕಾರಿ ಐವತ್ತರ ಆಸುಪಾಸಿನ ಕರಿಯ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ದಕ್ಷಿಣದವರ ಎಳೆದಾಡುವ ಇಂಗ್ಲಿಷು. ಮೊದಲು ವಿದ್ಯಾವತಿಯಿಂದ ಪ್ರಮಾಣ ಮಾಡಿಸಿದ, ಹೇಳಿದ್ದನ್ನು ಹೇಳಿದ ಹಾಗೆ ತಿಳಿಸುತ್ತೇನೆ ಎಂದು. ಆಮೇಲೆ ಮಲ್ಲಮ್ಮನಿಂದ. ಅವರು ಬಲಗೈ ಎತ್ತಿದರು, ಎಡಗೈಯನ್ನು ಎದೆಯ ಲಿಂಗದ ಮೇಲೆ ಇಟ್ಟುಕೊಂಡರು. ಚುಕ್ಕಿಗಳ ಸಂಖ್ಯೆ, ಮೊದಲ ಅಧ್ಯಕ್ಷ, ಗುಲಾಮರನ್ನು ಬಿಡಿಸಿದವರು, ಎಲ್ಲಕ್ಕೂ ಮಲ್ಲಮ್ಮ ಅವಳ ಅನುವಾದ ಮುಗಿಯುವುದಕ್ಕೆ ಮೊದಲೇ ಉತ್ತರ ಕೊಟ್ಟರು. ಅಧಿಕಾರಿ ನಕ್ಕು, ಟೀಚರ್ ಚೆನ್ನಾಗಿದ್ದಾರೆ ಎಂದ. ಅರ್ಜಿಯ ಪುಟ ತಿರುವಿ, ಪೆನ್ನಿನಿಂದ ಸಾಲು ಸಾಲಾಗಿ ಕೆಳಗಿಳಿಯುತ್ತ ಬಂದ. ಆ ಸಾಲು ಬರುವ ಮೊದಲೇ ವಿದ್ಯಾವತಿಗೆ ಅದು ಎಲ್ಲಿದೆಯೆಂದು ಗೊತ್ತಿತ್ತು. ಅವನು ಕೇಳಿದ. ಅವಳು ಕನ್ನಡದಲ್ಲಿ ಹೇಳಿದಳು.

"ಹೂಂ, ಮಾಡೀನಿ" ಎಂದರು ಮಲ್ಲಮ್ಮ. ಅಧಿಕಾರಿಯ ಮುಖವನ್ನೇ ನೋಡುತ್ತ, ಅವನಿಗೆ ಕನ್ನಡ ಬರುತ್ತದೆ ಎಂಬಂತೆ ನಿಧಾನವಾಗಿ ಹೇಳಿದರು. "ಬರೂ ಮುಂದ ಒಂದು ಕರಿಬೇವಿನ ಸಸಿ ತಂದೆ. ಒದ್ದಿ ಅರಿವ್ಯಾಗ ಸುತ್ತಿ ವಿಭೂತಿ ಚೀಲದಾಗ ಇಟ್ಟಿದ್ದೆ. ಏರೋಡ್ರಮ್‌ನ್ಯಾಗ ಚೀಲಾ ನೋಡಾಂವಾ ಏನೈತಿ ಇದರಾಗ ಅಂತ ಕೈ ಮಾಡಿ ಕೇಳಿದ. ದೇವರು ಅಂತ ಕೈ ಮುಗದು ತೋರಿಸಿದೆ. ಅಂವಾ ಪಾಪ ತಾನೂ ಕೈ ಮುಗದು ಬಿಟ್ಟ. ದೇವರ ಹೆಸರಿಲೆ ಸುಳ್ಳು ಹೇಳೀನಿ, ವಿದ್ಯವ್ವಾ. ಸಾಹೇಬರಿಗೆ ಅದನ್ನ ಹೇಳು. ನಿನಗ ಎಲ್ಲಾ ಗೊತ್ತೈತಿ ಅಂತನ ನಿನ್ನ ಕರಕೊಂಡು ಬಂದದ್ದು."

ಅಷ್ಟೇ ಇತ್ತು. ಅದರಲ್ಲಿ ವಿದ್ಯಾವತಿ ಇರಲೇ ಇಲ್ಲ. ಪೇಪರ್ ಕಪ್ಪು ಇರಲಿಲ್ಲ, ಸಂಚಿಕೆ ಇರಲಿಲ್ಲ, ಹೆಸರು ಯಾರದೆಂಬ ಲೆಕ್ಕ ಇರಲಿಲ್ಲ. ಹದಿನೇಳು ವರ್ಷ ಆ ಹೆಂಗಸು ಹೊತ್ತುಕೊಂಡಿದ್ದದ್ದು ಒಬ್ಬ ಅಪರಿಚಿತ ಕೈ ಮುಗಿದ ಗಳಿಗೆಯನ್ನು. ಅದನ್ನು ಇಳಿಸಿಕೊಳ್ಳಲು ಅವರಿಗೆ ಒಬ್ಬ ಸಾಕ್ಷಿ ಬೇಕಿತ್ತು, ಲೋಕದಲ್ಲಿ ಆ ಸಾಕ್ಷಿ ಇವಳೊಬ್ಬಳೇ. ವಿದ್ಯಾವತಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಅವಮಾನ. ಇಷ್ಟು ವರ್ಷ ತನ್ನನ್ನೇ ನೋಡುತ್ತಿದ್ದಾರೆಂದು ನಂಬಿದ್ದ ಕಣ್ಣು ತನ್ನ ಕಡೆ ತಿರುಗಿಯೇ ಇರಲಿಲ್ಲ. ಏನೋ ದೊಡ್ಡ ಉತ್ತರ ಬಂತಲ್ಲ, ಏನಂತಾರೆ ಎಂದು ಅಧಿಕಾರಿ ಕೇಳಿದ. ಒಂದು ಗಿಡ ತಂದಿದ್ದರಂತೆ ಎಂದರೆ ಆತ ನಗುತ್ತಿದ್ದನೇನೋ. ನಗದೆ ಫೈಲು ಮುಚ್ಚಿ ಮೇಲಿನವರನ್ನು ಕೇಳಬೇಕು ಎನ್ನುತ್ತಿದ್ದನೇನೋ. ಆಗ ಇಳಕಲ್ಲು ಇನ್ನೊಂದು ವರ್ಷ ಮುಂದಕ್ಕೆ. ಅಮೆರಿಗೋಗೆ ಐದು ವರ್ಷ ಕಾಲಾವಕಾಶವಿತ್ತು. ಇವಳಿಗಿದ್ದದ್ದು ಪೆನ್ನೊಂದು ಎದ್ದು ಕಾಗದಕ್ಕೆ ಇಳಿಯುವಷ್ಟು ಹೊತ್ತು. ತಾನು ಸರಿಯಾಗಿ ಹೇಳಿದರೆ, ಗಿಡ ತಂದವರು ಮಲ್ಲಮ್ಮನೆಂದು ಒಂದು ಕಡೆಯಾದರೂ, ಯಾರೂ ಓದದ ಒಂದು ಫೈಲಿನಲ್ಲಾದರೂ ದಾಖಲಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಹೊಳೆದದ್ದು ಬಾಯಿ ತೆರೆಯುವ ಮೊದಲೋ ತೆರೆದ ಮೇಲೋ ಎಂಬುದನ್ನು ಮಾತ್ರ ಅವಳು ಆಮೇಲೆ ಎಂದೂ ಖಚಿತವಾಗಿ ಹೇಳಲಾರಳು.

"ನೋ" ಎಂದಳು. ಹಳೆಯ ಕಾಲದವರು, ಇಲ್ಲ ಎನ್ನುವುದಕ್ಕೂ ಇಷ್ಟುದ್ದ ಮಾತಾಡುತ್ತಾರೆ ಎಂದು ಸೇರಿಸಿ ನಕ್ಕಳು. ಅಧಿಕಾರಿಯೂ ನಕ್ಕು, ನಮ್ಮ ಅಜ್ಜಿಯೂ ಹಾಗೇ ಎಂದು ಟಿಕ್ ಹಾಕಿದ. ಉಳಿದದ್ದು ಐದು ನಿಮಿಷದಲ್ಲಿ ಮುಗಿಯಿತು. ಎದ್ದು ನಿಂತು ಮಲ್ಲಮ್ಮನ ಕೈ ಕುಲುಕಿ, ಪ್ರಮಾಣವಚನದ ದಿನಕ್ಕೆ ಪತ್ರ ಬರುತ್ತದೆ, ಅಭಿನಂದನೆ ಎಂದ. ಮಲ್ಲಮ್ಮ ಅವನಿಗೆ ಕೈ ಮುಗಿದರು.

ಕಾರಿಡಾರಿನಲ್ಲಿ ವಿದ್ಯಾವತಿ ಲಿಫ್ಟಿನ ಗುಂಡಿ ಒತ್ತಿದಳು. ಒತ್ತಿದ್ದನ್ನೇ ಇನ್ನೊಮ್ಮೆ ಒತ್ತಿದಳು. ಹದಿನೇಳು ವರ್ಷ ಅಮೆರಿಕದಲ್ಲಿದ್ದವರಿಗೆ ಎಷ್ಟು ಇಂಗ್ಲಿಷ್ ಬಾರದಿದ್ದರೂ ಒಂದು ಪದವಂತೂ ಗೊತ್ತಿರುತ್ತದೆ ಎಂಬುದು ಅವಳಿಗೆ ಆಗಲೇ ನೆನಪಾಗಬೇಕೇ.

"ನೋ ಅಂದಿ" ಎಂದರು ಮಲ್ಲಮ್ಮ. ಆಕ್ಷೇಪಣೆಯ ದನಿಯಲ್ಲ, ಸುಮ್ಮನೆ ಗೊತ್ತುಮಾಡಿಕೊಳ್ಳುವಂತೆ.

"ಹೌದಮ್ಮಾ. ಹೇಳಿದ್ರೆ ಸುಮ್ನೆ ಪ್ರಾಬ್ಲಮ್ ಆಗ್ತಿತ್ತು."

"ಯಾರಿಗೆ?"

ವಿದ್ಯಾವತಿ ನಿಮಗೆ ಎನ್ನಲು ಬಾಯಿ ತೆರೆದಳು. ಆ ಮೂರಕ್ಷರದ ಹಿಂದೆ ತಾನೇ ನಿಂತಿರುವುದು ಕಂಡು, ಲಿಫ್ಟಿನ ಅಂಕಿಗಳ ಕಡೆ ತಿರುಗಿಕೊಂಡಳು. ಮಲ್ಲಮ್ಮ ಅವಳ ಉತ್ತರಕ್ಕೆ ಕಾಯಲೂ ಇಲ್ಲ. ಜಾಕೆಟ್ಟಿನ ಜಿಪ್ಪನ್ನು ಎರಡು ಸಲ ಎಳೆದು, ಮೂರನೆಯ ಸಲಕ್ಕೆ ಮೇಲಕ್ಕೇರಿಸಿ, ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡರು.

"ಇರಲಿ ಬಿಡು. ನಾ ತಂದಿಲ್ಲಂತ ಸರಕಾರದ ಕಾಗದದಾಗ ಬರದಾತಲ್ಲ, ಹಂಗಾರ ಗಿಡಾ ಇನ್ನ ನಿಂದ. ಯಾರರ ಕೇಳಿದ್ರ ನಾನೂ ನಿನ್ನ ಹೆಸರ ಹೇಳ್ತೀನಿ. ಇಬ್ಬರ ಮಾತು ಎರಡಾಗಬಾರದು."

ಲಿಫ್ಟು ಬಂದು ಬಾಗಿಲು ತೆರೆಯಿತು. ಒಳಗಿದ್ದವರು ಸರಿದು ಇಬ್ಬರಿಗೂ ಜಾಗ ಮಾಡಿಕೊಟ್ಟರು. ವಿದ್ಯಾವತಿ ಮಲ್ಲಮ್ಮನ ಮುಖದಲ್ಲಿ ಕೊಂಕು ಹುಡುಕಿದಳು, ಸಿಟ್ಟು ಹುಡುಕಿದಳು, ಒಂದು ಚೂರು ಸಿಕ್ಕಿದ್ದರೂ ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದಳು. ಯಾವುದೂ ಇರಲಿಲ್ಲ, ಮಲ್ಲಮ್ಮ ಕೊಟ್ಟದ್ದನ್ನು ಕೊಟ್ಟುಬಿಟ್ಟಿದ್ದರು.